ಕಣಜಕ್ಕೆ ಬುದ್ಧಿ ಎಷ್ಟು?

ಕಣಜ ಎಂದರೆ ನಮಗೆ ನೆನಪಾಗುವುದು ಮಾಡಿನ ಕೆಳಗೆ ಗೂಡು ಕಟ್ಟಿ, ತಂಟೆಗೆ ಹೋದವರನ್ನು ಗುಂಪಾಗಿ ಅಟ್ಟಿಸಿಕೊಂಡು ಬರುವ ಜಾತಿ. ನಿಜಕ್ಕಾದರೆ ಕಣಜಗಳಲ್ಲಿ ಹೆಚ್ಚಿನವು ಒಂಟಿಗಳು. ರಾಣಿಯಿಲ್ಲ, ಆಳುಕಾಳಿಲ್ಲ. ನೆಲದಲ್ಲಿ ಬಿಲ ತೋಡುವ ಸ್ಫೆಕ್ಸ್, ಅಮೋಫಿಲಾ ಮುಂತಾದವುಗಳಲ್ಲಿ ಮಣ್ಣು ಅಗೆಯುವುದು, ಬೇಟೆ ತರುವುದು, ಮೊಟ್ಟೆಯಿಟ್ಟು ಬಿಲದ ಬಾಯಿ ಮುಚ್ಚುವುದು ಎಲ್ಲವೂ ಹೆಣ್ಣಿನದೇ ಪಾಡು. ಬೇಟೆಯನ್ನು ಅದು ಕೊಲ್ಲುವುದಿಲ್ಲ. ಕೊಂಡಿ ಚುಚ್ಚಿ ಮಿಸುಕಾಡದಂತೆ ಮಾಡುತ್ತದೆ, ಅಷ್ಟೇ. ಸತ್ತರೆ ಕೊಳೆಯುತ್ತದಲ್ಲ, ಮರಿಹುಳುವಿಗೆ ತಾಜಾ ಮಾಂಸವೇ ಬೇಕು.

ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ಕೀಟತಜ್ಞ ಜಾನ್ ಹೆನ್ರಿ ಫಾಬ್ರ್ ಸ್ಫೆಕ್ಸನ್ನು ಕಾಡಿದ್ದು ಪ್ರಸಿದ್ಧ. ಈ ಕಣಜ ತಾನು ಹಿಡಿದ ಚಿಮ್ಮಂಡೆಯನ್ನು ಬಿಲದ ಬಾಯಲ್ಲಿ ಇಟ್ಟು, ಒಮ್ಮೆ ಒಳಗೆ ಇಣುಕಿ ಬಂದು, ಆಮೇಲೆ ಮೀಸೆ ಹಿಡಿದು ಎಳೆದುಕೊಳ್ಳುತ್ತದೆ. ಅದು ಒಳಗಿದ್ದಾಗ ಫಾಬ್ರ್ ಚಿಮ್ಮಂಡೆಯನ್ನು ಸ್ವಲ್ಪ ದೂರ ಸರಿಸಿದರು. ಹೊರಬಂದ ಕಣಜ ಅದನ್ನು ಮತ್ತೆ ಬಾಯಿಗೆ ತಂದಿಟ್ಟು, ಮತ್ತೆ ಒಳಗೆ ಇಣುಕಲು ಹೋಯಿತು. ಸುಮಾರು 40 ಸಲ ಇದೇ ಆಟ! ಕೀಟ ಬರೀ ಯಂತ್ರ ಎನ್ನಲು ಇಂದಿಗೂ ಈ ಕಥೆಯನ್ನೇ ಮುಂದಿಡುತ್ತಾರೆ. ಆದರೆ ಇನ್ನೊಂದು ಕಡೆಯ ಸ್ಫೆಕ್ಸ್‌ಗಳು ಎರಡು ಮೂರು ಸಲ ಮೋಸಹೋದ ಮೇಲೆ ಇಣುಕುವುದನ್ನೇ ಬಿಟ್ಟು ಬೇಟೆಯನ್ನು ನೇರ ಒಳಗೆಳೆದವು ಎಂದೂ ಫಾಬ್ರ್ ಬರೆದಿದ್ದಾರೆ. ಅದನ್ನು ಹೇಳುವವರು ಕಡಿಮೆ.

ನನಗೆ ಇದಕ್ಕಿಂತ ಸೋಜಿಗ ಎನಿಸುವುದು ಅಮೋಫಿಲಾ. ದಾರದಂಥ ಉದ್ದ ಸೊಂಟ, ಕಪ್ಪು ಮೈ, ಹೊಟ್ಟೆಗೆ ಕೆಂಪು ಪಟ್ಟಿ. ನಮ್ಮ ದೇಶದಲ್ಲೂ ಇದರ ಜಾತಿಗಳಿವೆ. ಕೆಲವು ಜಾತಿಗಳು ಬಿಲ ಮುಚ್ಚಿದ ಮೇಲೆ ಪುಟ್ಟ ಕಲ್ಲೊಂದನ್ನು ದವಡೆಯಲ್ಲಿ ಕಚ್ಚಿ ಹಿಡಿದು ಮಣ್ಣನ್ನು ತಟ್ಟಿ ತಟ್ಟಿ ಗಟ್ಟಿಮಾಡುತ್ತವೆ. ನೆದರ್‌ಲ್ಯಾಂಡ್ಸ್‌ನ ಮರಳು ಬಯಲಿನಲ್ಲಿ ಪ್ರಾಣಿವರ್ತನೆಯ ತಜ್ಞ ಖೆರಾರ್ಡ್ ಬಾರೆಂಡ್ಸ್ ಇಂಥ ಒಂದು ಜಾತಿಯನ್ನು ವರ್ಷಗಟ್ಟಲೆ ಗಮನಿಸಿ 1941ರಲ್ಲಿ ವರದಿ ಪ್ರಕಟಿಸಿದರು. ಇದು ಒಂದೇ ಹೊತ್ತಿಗೆ ಎರಡು ಮೂರು ಬಿಲ ಸಾಕುತ್ತದೆ. ಒಂದರಲ್ಲಿ ಮೊಟ್ಟೆ, ಇನ್ನೊಂದರಲ್ಲಿ ಎಳೆ ಮರಿ, ಮತ್ತೊಂದರಲ್ಲಿ ಹಸಿದ ದೊಡ್ಡ ಮರಿ. ಎಳೆಯದಕ್ಕೆ ಬೇಟೆಯಾಡಿ ತಂದ ಒಂದೆರಡು ಹುಳು ಸಾಕು, ದೊಡ್ಡದಕ್ಕೆ ಇನ್ನೂ ಹೆಚ್ಚು ತುಂಬಿ ಬಿಲವನ್ನು ಖಾಯಂ ಮುಚ್ಚಬೇಕು. ಲೆಕ್ಕ ಕಲಸಿಹೋಗುವುದಿಲ್ಲ.

ಹೇಗೆ? ಬೆಳಿಗ್ಗೆ ತಾಯಿ ಬರಿಗೈಯಲ್ಲಿ ಬಂದು ಬಿಲ ತೆರೆದು ನೋಡಿ ಹೋಗುತ್ತದೆ. ಬಾರೆಂಡ್ಸ್ ಬಿಲದ ಕೋಣೆಯ ಜಾಗದಲ್ಲಿ ಮುಚ್ಚಳ ತೆರೆಯಬಹುದಾದ ಪ್ಲಾಸ್ಟರ್ ಕೋಣೆ ಕೂರಿಸಿದರು. ತಾಯಿ ಬರುವ ಮುಂಚೆಯೇ ಹುಳುಗಳನ್ನು ತೆಗೆದಿಟ್ಟರೆ ಅದು ಹೆಚ್ಚು ಹುಳು ತಂದಿತು, ತಾವೇ ತುಂಬಿಸಿಟ್ಟರೆ ಕಡಿಮೆ ತಂದಿತು. ಆದರೆ ನೋಡಿ ಹೋದ ಮೇಲೆ ಒಳಗೆ ಏನೇ ಅದಲುಬದಲು ಮಾಡಲಿ, ಆ ದಿನದ ಕೆಲಸ ಬೆಳಿಗ್ಗೆ ಕಂಡ ಲೆಕ್ಕದ ಪ್ರಕಾರವೇ. ಅಂದು ಹುಳು ಹೊತ್ತು ಎಷ್ಟು ಸಲ ಒಳಹೊಕ್ಕರೂ ಆ ಬದಲಾವಣೆಗೆ ಅದು ಸೊಪ್ಪು ಹಾಕಲಿಲ್ಲ.