ಸಂಗೀತ ಕೇಳುವಾಗ ಮೂಡುವ ಚಿತ್ರಗಳು ಸಂಗೀತದವೋ, ನಮ್ಮವೋ?

ಪ್ರಶ್ನೆ: ಸಂಗೀತ ಕೇಳುವಾಗ ನನ್ನ ಮನಸ್ಸಿನಲ್ಲಿ ದೃಶ್ಯಗಳು ಮೂಡುತ್ತವೆ, ಹಳೆಯ ನೆನಪುಗಳು ಬರುತ್ತವೆ, ಕೆಲವೊಮ್ಮೆ ಕಾರಣ ತಿಳಿಯದೆ ಕಣ್ಣು ತುಂಬುತ್ತದೆ. ಆದರೆ ರಾಗ, ತಾಳಗಳ ಶಾಸ್ತ್ರ ನನಗೆ ಗೊತ್ತಿಲ್ಲ. ನಾನು ನಿಜವಾಗಿ ಸಂಗೀತವನ್ನೇ ಕೇಳುತ್ತಿದ್ದೇನೆಯೇ, ಅಥವಾ ಅದರ ನೆಪದಲ್ಲಿ ನನ್ನ ಭಾವನೆಗಳಲ್ಲಿ ಮುಳುಗುತ್ತಿದ್ದೇನೆಯೇ?

ಉತ್ತರ: ಶಾಸ್ತ್ರ ಕಲಿಯದ ಕೇಳುಗರಲ್ಲಿ ಅನೇಕರನ್ನು ಕಾಡುವ ಪ್ರಶ್ನೆ ಇದು. ಇದರೊಳಗಿನ ಅಳುಕನ್ನು ಮೊದಲು ದೂರ ಮಾಡಬೇಕು. ರಾಗದ ಹೆಸರು ಹೇಳಲಾರದವರಿಗೂ ಆ ರಾಗದ ಭಾವ ಮುಟ್ಟಬಲ್ಲದು, ಮತ್ತು ಕಾರಣ ತಿಳಿಯದೆ ಕಣ್ಣು ತುಂಬುವುದು ದೌರ್ಬಲ್ಯವೂ ಅಲ್ಲ, ಅಜ್ಞಾನದ ಗುರುತೂ ಅಲ್ಲ. ಕಾಳಿದಾಸನ ಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತನ ರಾಣಿಯರಲ್ಲೊಬ್ಬಳಾದ ಹಂಸಪದಿಕೆಯ ಹಾಡು ಕೇಳಿಬರುತ್ತದೆ. ಪ್ರಿಯರಾದವರ ಅಗಲಿಕೆಯೇನೂ ಇಲ್ಲದಿದ್ದರೂ ತನ್ನ ಮನಸ್ಸು ಏಕೆ ಇಷ್ಟು ತಳಮಳಿಸುತ್ತಿದೆ ಎಂದು ದುಷ್ಯಂತ ಬೆರಗಾಗುತ್ತಾನೆ. ಚೆಲುವಾದುದನ್ನು ಕಂಡಾಗ, ಇಂಪಾದ ದನಿಯನ್ನು ಕೇಳಿದಾಗ ಸುಖವಾಗಿರುವವನೂ ಕಾತರಗೊಳ್ಳುವುದಕ್ಕೆ, ಮನಸ್ಸು ತನಗೇ ಅರಿವಿಲ್ಲದೆ ಹಿಂದಿನ ಜನ್ಮಗಳ ಒಲವನ್ನು ನೆನೆಯುತ್ತಿರುವುದೇ ಕಾರಣವಿರಬೇಕು ಎಂದು ಅವನು ಊಹಿಸುತ್ತಾನೆ. ಶಾಪದಿಂದ ಅವನು ಶಕುಂತಲೆಯನ್ನು ಮರೆತಿದ್ದಾನೆಂಬುದು ನೋಡುವವರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಬುದ್ಧಿಗೆ ಮರೆತುಹೋದದ್ದನ್ನು ಹಾಡು ಅಷ್ಟು ಆಳಕ್ಕೆ ಇಳಿದು ಕಲಕಿದೆ.

ಪದಗಳಿಗೆ ಅರ್ಥವಿರುತ್ತದೆ, ಬರಿಯ ಸ್ವರಗಳಿಗೆ ಅಂಥ ಅರ್ಥವಿಲ್ಲ. ಹಾಗಿದ್ದರೂ ಸ್ವರಗಳು ಭಾವವನ್ನು ಹೇಗೆ ಮುಟ್ಟಿಸುತ್ತವೆ? ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಧ್ವನಿಯ, ಅಂದರೆ ಕಾವ್ಯವು ನೇರವಾಗಿ ಹೇಳದೆ ಸೂಚಿಸುವ ಅರ್ಥದ, ಸಿದ್ಧಾಂತವನ್ನು ಕಟ್ಟುವಾಗ ಇದನ್ನು ಗಮನಿಸಿದ್ದಾನೆ: ಗೀತದ ನಾದಕ್ಕೆ ಪದಗಳಿಗಿರುವಂಥ ನೇರ ಅರ್ಥ (ವಾಚ್ಯಾರ್ಥ) ಇಲ್ಲದಿದ್ದರೂ ಅದು ರಸವನ್ನು ವ್ಯಂಜಿಸುತ್ತದೆ. ಸಂಗೀತವು ಹೇಳುವುದಿಲ್ಲ, ಸೂಚಿಸುತ್ತದೆ; ಸೂಚಿಸಿದ್ದನ್ನು ತುಂಬಿಕೊಳ್ಳುವ ಕೆಲಸ ಕೇಳುವವರ ಕಲ್ಪನೆಯದು. ಆದ್ದರಿಂದ ನಿಮ್ಮ ಮನಸ್ಸಿನಲ್ಲಿ ದೃಶ್ಯ ಮೂಡಿದಾಗ ನೀವು ಸಂಗೀತದಿಂದ ಆಚೆ ಹೋಗಿಬಿಟ್ಟಿರಿ ಎಂದು ಭಾವಿಸಬೇಕಾಗಿಲ್ಲ.

ಆದರೆ ಆ ದೃಶ್ಯವು ಸ್ವರಗಳಲ್ಲಿಯೇ ಅಡಗಿತ್ತು ಎಂದೂ ಹೇಳಲಾಗದು. ಬೀಥೋವನ್ 1801ರಲ್ಲಿ ರಚಿಸಿದ ಒಂದು ಪಿಯಾನೋ ಸೊನಾಟಾ ಇಂದು ಬೆಳದಿಂಗಳ ಹೆಸರಿನಲ್ಲಿ ಲೋಕಪ್ರಸಿದ್ಧವಾಗಿದೆ. ಅವನು ಆ ಹೆಸರನ್ನು ಇಟ್ಟಿರಲಿಲ್ಲ. ಲುಡ್ವಿಗ್ ರೆಲ್‌ಸ್ಟಾಬ್ ಎಂಬ ವಿಮರ್ಶಕನು ಅದರ ಮೊದಲ ಭಾಗವನ್ನು ಸರೋವರದ ಮೇಲಿನ ಬೆಳದಿಂಗಳಿಗೆ ಹೋಲಿಸಿದ್ದರಿಂದ ಆ ಹೆಸರು ಅಂಟಿಕೊಂಡಿತು. ಒಬ್ಬ ಕೇಳುಗನಿಗೆ ಹೊಳೆದ ಚಿತ್ರ ಹೀಗೆ ಲಕ್ಷಾಂತರ ಜನರ ಕಿವಿಯನ್ನು ಮೊದಲೇ ಸಿದ್ಧಗೊಳಿಸಿಬಿಟ್ಟಿದೆ. ಆ ಸ್ವರಗಳಲ್ಲಿ ಶೋಕದ ಮೆರವಣಿಗೆಯನ್ನು ಕೇಳಬಹುದಾಗಿದ್ದವರಿಗೂ ಈಗ ಚಂದ್ರನೇ ಕಾಣುತ್ತಾನೆ. ಒಂದೊಂದು ರಾಗವನ್ನೂ ಒಂದು ದೃಶ್ಯವಾಗಿ ಬಿಡಿಸಿದ ನಮ್ಮ ರಾಗಮಾಲಾ ಚಿತ್ರಗಳ ವಿಷಯವೂ ಇದೇ. ಅವುಗಳಲ್ಲಿ ತೋಡಿ ರಾಗವೆಂದರೆ ವೀಣೆ ಹಿಡಿದು ನಿಂತ ಹೆಣ್ಣು, ಅವಳ ನಾದಕ್ಕೆ ಮರುಳಾಗಿ ಬಂದ ಜಿಂಕೆಗಳು. ಆ ಚಿತ್ರ ಎಷ್ಟು ಮೋಹಕವಾಗಿದ್ದರೂ ತೋಡಿಯನ್ನು ಕೇಳಿದವರಿಗೆಲ್ಲ ಜಿಂಕೆ ಕಾಣಬೇಕೆಂಬ ನಿಯಮವೇನೂ ಇಲ್ಲ. ಫ್ರಾನ್ಸಿನ ಸಂಗೀತ ರಚನಕಾರ ಡೆಬುಸ್ಸಿ ಈ ತೊಡಕನ್ನು ಸೊಗಸಾಗಿ ನಿಭಾಯಿಸಿದ: 1910ರಲ್ಲಿ ಪ್ರಕಟವಾದ ಪ್ರೆಲ್ಯೂಡುಗಳೆಂಬ ತನ್ನ ಚಿಕ್ಕ ಪಿಯಾನೋ ಕೃತಿಗಳ ಮೊದಲ ಸಂಪುಟದಲ್ಲಿ ಪ್ರತಿಯೊಂದು ಕೃತಿಯ ಹೆಸರನ್ನೂ ಮೇಲೆ ಬರೆಯದೆ, ಸ್ವರಲಿಪಿ ಮುಗಿದ ಮೇಲೆ ಕೆಳಗಡೆ ಬರೆದ. ನುಡಿಸುವವರು ಮೊದಲು ಸ್ವರಗಳನ್ನು ಹಾದುಹೋಗಬೇಕು, ಚಿತ್ರದ ಸುಳಿವು ಆಮೇಲೆ ಸಿಗುತ್ತದೆ. ಕೇಳುವವರಿಗೂ ಈ ಕ್ರಮ ಒಳ್ಳೆಯದೆಂದು ನನ್ನ ನಂಬಿಕೆ.

ಹಾಗಾದರೆ ಸಂಗೀತದೊಳಗಿರುವ ಕಲ್ಪನೆಗೂ ಅದನ್ನು ಬಿಟ್ಟು ಹೊರಟ ಹಗಲುಗನಸಿಗೂ ವ್ಯತ್ಯಾಸ ತಿಳಿಯುವುದು ಹೇಗೆ? ನಾದ ಬದಲಾದಾಗ ನಿಮ್ಮೊಳಗಿನ ಚಿತ್ರವೂ ಬದಲಾಗುತ್ತದೆಯೇ ಎಂಬುದನ್ನು ಗಮನಿಸಿ. ಲಯ ನಿಧಾನಿಸಿದಾಗ, ದನಿ ತಗ್ಗಿದಾಗ, ಎದುರು ನೋಡದ ಸ್ವರವೊಂದು ಬಂದಾಗ ಒಳಗಿನ ದೃಶ್ಯವೂ ಅಲುಗಿದರೆ ಕಲ್ಪನೆ ಕಿವಿಯ ಜೊತೆಗೇ ನಡೆಯುತ್ತಿದೆ ಎಂದು ತಿಳಿಯಬಹುದು. ಹಾಡು ಮುಗಿದದ್ದೇ ಗೊತ್ತಾಗದೆ ದೃಶ್ಯ ತನ್ನ ಪಾಡಿಗೆ ಮುಂದುವರಿದಿದ್ದರೆ ನೀವು ಎಲ್ಲೋ ಕೈಬಿಟ್ಟಿದ್ದೀರಿ.

ಆಸ್ಟ್ರಿಯಾದ ಸಂಗೀತ ರಚನಕಾರ ಶೂಬರ್ಟ್ ಹದಿನೇಳನೆಯ ವಯಸ್ಸಿನಲ್ಲಿ, 1814ರಲ್ಲಿ, ಜರ್ಮನ್ ಕವಿ ಗಯಟೆಯ ಫೌಸ್ಟ್ ನಾಟಕದ ಒಂದು ಕವಿತೆಗೆ ರಾಗ ಹಾಕಿದ. ಗ್ರೆಟ್ಶೆನ್ ಎಂಬ ಹುಡುಗಿ ರಾಟೆಯ ಮುಂದೆ ಕುಳಿತು, ತನ್ನ ನೆಮ್ಮದಿ ಹೋಯಿತೆಂದು ಹಾಡುತ್ತಾಳೆ. ಪಿಯಾನೋ ನುಡಿಸುವವರ ಬಲಗೈ ಬಿಡುವಿಲ್ಲದೆ ಸುತ್ತುತ್ತದೆ. ಅದು ರಾಟೆಯೂ ಹೌದು, ನಿಲ್ಲದ ಅವಳ ಯೋಚನೆಯೂ ಹೌದು. ಪ್ರಿಯಕರನ ಮುತ್ತಿನ ನೆನಪು ಬಂದಾಗ ದನಿ ಮೇಲಕ್ಕೇರಿ, ಪಿಯಾನೋ ತಟ್ಟನೆ ನಿಂತುಬಿಡುತ್ತದೆ. ಬಳಿಕ ಆ ಸುತ್ತು ಒಂದೇ ಸಲಕ್ಕೆ ಹೊರಡುವುದಿಲ್ಲ: ಒಂದಿಷ್ಟು ತಿರುಗಿ ನಿಲ್ಲುತ್ತದೆ, ಮತ್ತೆ ತಿರುಗಿ ನಿಲ್ಲುತ್ತದೆ, ಆಮೇಲೆ ಎಂದಿನಂತೆ ಸಾಗುತ್ತದೆ. ಜರ್ಮನ್ ಭಾಷೆಯ ಒಂದು ಅಕ್ಷರ ಬಾರದವರೂ ಆ ತಡವರಿಕೆಯನ್ನು ಕೇಳಬಲ್ಲರು. ಅಲ್ಲಿ ಮೂಡುವ ಸಂಕಟವನ್ನು ನಾವು ಹೊರಗಿನಿಂದ ತಂದು ಸೇರಿಸಿದ್ದಲ್ಲ, ಅದು ಆ ಸ್ವರಗಳು ನಿಂತು ಹೊರಡುವ ರೀತಿಯಲ್ಲೇ ಇದೆ.

ಪದಗಳೇ ಬೇಡವಾದ ಉದಾಹರಣೆ ಹಿಂದೂಸ್ತಾನಿ ಸಂಗೀತದ ಮಾರ್ವಾ ರಾಗ. ಅದರಲ್ಲಿ ಕೋಮಲ ರಿಷಭಕ್ಕೂ (ತಗ್ಗಿಸಿದ ‘ರಿ’) ಧೈವತಕ್ಕೂ (‘ಧ’) ಪ್ರಾಧಾನ್ಯ. ಎಲ್ಲ ಸ್ವರಗಳಿಗೂ ಆಧಾರವಾದ ಷಡ್ಜವನ್ನು (‘ಸ’) ಗಾಯಕರು ಬಹಳ ಹೊತ್ತು ಮುಟ್ಟದೆ ಅದರ ಸುತ್ತಲೇ ಸುಳಿಯುತ್ತಾರೆ. ನೆಲೆಗೆ ಮರಳಬೇಕೆಂಬ ಹಂಬಲ ಕೇಳುವವರಲ್ಲಿ ಬೆಳೆಯುತ್ತಲೇ ಹೋಗುತ್ತದೆ, ಕೊನೆಗೆ ಷಡ್ಜ ಬಂದಾಗ ಮೈ ಹಗುರಾಗುತ್ತದೆ. ಸಂಜೆಯ ಈ ರಾಗ ಕೇಳಿದವರಲ್ಲಿ ಹಲವರು ಒಂದು ಬಗೆಯ ಅನಾಥಭಾವವನ್ನು ಹೇಳಿಕೊಳ್ಳುವುದು ಆಶ್ಚರ್ಯವಲ್ಲ. ಇಂಥ ಕಾಯುವಿಕೆಯ ಮಹತ್ವವನ್ನು ವಿಜ್ಞಾನವೂ ಕಂಡಿದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ಪ್ರಿಯವಾದ ಸಂಗೀತ ಕೇಳುತ್ತ ರೋಮಾಂಚನಗೊಳ್ಳುವವರ ಮಿದುಳಿನಲ್ಲಿ ಸುಖಾನುಭವದೊಂದಿಗೆ ನಂಟಿರುವ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದು ಕಂಡುಬಂತು. ರೋಮಾಂಚನದ ಕ್ಷಣದಲ್ಲಿ ಮಿದುಳಿನ ಒಂದು ಭಾಗ ಚುರುಕಾಗಿದ್ದರೆ, ಅದಕ್ಕೆ ಮುಂಚಿನ ನಿರೀಕ್ಷೆಯ ಗಳಿಗೆಗಳಲ್ಲಿ ಮತ್ತೊಂದು ಭಾಗ ಚುರುಕಾಗಿತ್ತು.

ನೆನಪುಗಳ ವಿಷಯ ಸ್ವಲ್ಪ ಬೇರೆ. ಅಗಲಿದವರೊಬ್ಬರು ಗುನುಗುತ್ತಿದ್ದ ಹಾಡು ನಿಮ್ಮನ್ನು ಅಳಿಸಿದರೆ ಆ ಅಳು ಅವರಿಗಾಗಿ ಬಂದದ್ದು. ಆ ಜಾಗದಲ್ಲಿ ತೀರ ಸಾಧಾರಣವಾದ ಹಾಡಿದ್ದರೂ ಹಾಗೆಯೇ ಆಗುತ್ತಿತ್ತು. ಅದು ಬೆಲೆಯುಳ್ಳ ಅನುಭವವೇ, ಆದರೆ ಅದರಿಂದ ಆ ಹಾಡಿನ ಗುಣವನ್ನು ಅಳೆಯಲು ಹೋಗಬಾರದು.

ಕಣ್ಣು ತುಂಬದವರೂ ಚಿತ್ರ ಮೂಡದವರೂ ಕೀಳರಿಮೆ ಪಡಬೇಕಾಗಿಲ್ಲ. ಮನಸ್ಸಿನಲ್ಲಿ ದೃಶ್ಯಗಳನ್ನು ಕಲ್ಪಿಸಿಕೊಳ್ಳಲಾಗದ ಜನರಿದ್ದಾರೆ. 2015ರಲ್ಲಿ ಈ ಸ್ಥಿತಿಗೆ ಅಫ್ಯಾಂಟೇಸಿಯ ಎಂಬ ಹೆಸರು ಬಂದಿತು. ಉಳಿದೆಲ್ಲ ಸುಖಗಳಿಗೂ ಸ್ಪಂದಿಸುತ್ತ, ಸಂಗೀತದಿಂದ ಮಾತ್ರ ಸುಖ ಪಡೆಯದ ಆರೋಗ್ಯವಂತರೂ ಇದ್ದಾರೆಂಬುದನ್ನು 2014ರ ಒಂದು ಅಧ್ಯಯನ ತೋರಿಸಿದೆ. ಎಷ್ಟೋ ಮಂದಿಗೆ ಭಾವವು ಚಿತ್ರವಾಗಿ ಬಾರದೆ ಉಸಿರಿನ ಏರಿಳಿತವಾಗಿ, ಎದೆಯ ಭಾರವಾಗಿ ಬರುತ್ತದೆ.

ಇನ್ನು ಶಾಸ್ತ್ರಜ್ಞಾನದ ಮಾತು. ಕಾವ್ಯದ ಪರಿಶೀಲನೆಯನ್ನು ಮತ್ತೆ ಮತ್ತೆ ಮಾಡಿದ ಅಭ್ಯಾಸದಿಂದ ಮನಸ್ಸೆಂಬ ಕನ್ನಡಿ ತಿಳಿಯಾಗಿ, ವರ್ಣಿತವಾದುದರಲ್ಲಿ ತನ್ಮಯರಾಗುವ ಯೋಗ್ಯತೆ ಪಡೆದವರೇ ಸಹೃದಯರು ಎಂದು ಆನಂದವರ್ಧನನ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಹೇಳುತ್ತಾನೆ. ಅವನು ಒತ್ತುಕೊಡುವುದು ಅಭ್ಯಾಸಕ್ಕೆ, ಮತ್ತು ಕೇಳುವವರಿಗೆ ಅಭ್ಯಾಸವೆಂದರೆ ಒಂದೇ ಕೃತಿಯನ್ನು ಮತ್ತೆ ಮತ್ತೆ ಕೇಳುವುದು. ನಿಮ್ಮ ಕಣ್ಣು ತುಂಬಿಸಿದ ಸಂಗೀತವನ್ನೇ ಆರಿಸಿಕೊಳ್ಳಿ. ಬೇರೆ ಕೆಲಸವಿಲ್ಲದ ಹೊತ್ತಿನಲ್ಲಿ, ಫೋನನ್ನು ದೂರವಿಟ್ಟು, ಒಮ್ಮೆ ಹಾಡುವ ದನಿಯನ್ನು, ಮತ್ತೊಮ್ಮೆ ಅದರ ಹಿಂದಿನ ಶ್ರುತಿಯನ್ನು, ಇನ್ನೊಮ್ಮೆ ಪಕ್ಕವಾದ್ಯವನ್ನು ಮಾತ್ರ ಹಿಂಬಾಲಿಸಿ. ನಿಮ್ಮನ್ನು ಕಲಕಿದ್ದು ಇಡೀ ಹಾಡಲ್ಲ, ಅದರೊಳಗಿನ ಯಾವುದೋ ಒಂದು ಸ್ವರದ ಓಲಾಟ ಅಥವಾ ಅರೆಕ್ಷಣದ ನಿಲುಗಡೆ ಎಂಬುದು ಆಗ ಹೊಳೆಯಬಹುದು. ಆ ಜಾಗ ಸಿಕ್ಕಿದ ಮೇಲೆ ಬಲ್ಲವರ ಬಳಿ ಹೋಗಿ, ಇಲ್ಲಿ ಏನಾಗುತ್ತಿದೆ ಎಂದು ಕೇಳಿ. ಗಮಕದ (ಸ್ವರವನ್ನು ಓಲಾಡಿಸುವ ರೀತಿಯ) ಹೆಸರನ್ನೋ ಸ್ವರದ ಸ್ಥಾನವನ್ನೋ ಅವರು ಹೇಳಿದಾಗ ಅದು ನೀವು ಆಗಲೇ ಅನುಭವಿಸಿದ ಸಂಗತಿಯ ಹೆಸರಾಗಿರುವುದರಿಂದ, ಅದನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.