ಯೋಚನೆ ಹಚ್ಚಿಕೊಂಡವರ ಬೆಂಚು

ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ ‘ಕುಫುಂಗಿಸಿಸಾ’ ಎಂಬ ಮಾತಿದೆ. ಅತಿಯಾಗಿ ಯೋಚಿಸುವುದು ಎಂದರ್ಥ. ‘ಹುಡುಗ ಏನೋ ಮನಸ್ಸಿಗೆ ಹಚ್ಚಿಕೊಂಡಿದ್ದಾನೆ’ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. 1990ರ ದಶಕದಲ್ಲಿ ಆ ದೇಶದ ರಾಜಧಾನಿ ಹರಾರೆಯಲ್ಲಿದ್ದ ನಮ್ಮ ದೇಶದ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಅಲ್ಲಿಯ ಜನ ಆಡುವ ಇಂಥ ಮಾತುಗಳಿಂದಲೇ 14 ಪ್ರಶ್ನೆಗಳನ್ನು ಹೆಣೆದರು. ಕಳೆದ ವಾರ ತುಂಬಾ ಯೋಚನೆ ಹತ್ತಿತ್ತಾ? ಹೊಟ್ಟೆ ನೋಯುತ್ತಿತ್ತಾ? ಹೌದು, ಇಲ್ಲ, ಅಷ್ಟೇ ಉತ್ತರ. ಖಿನ್ನತೆ ಎಂಬ ಪದವನ್ನೇ ಎತ್ತದೆ ಖಿನ್ನತೆಯನ್ನು ಅಳೆಯುವ ಈ ಪಟ್ಟಿ ನನಗಂತೂ ಯಾವ ಯಂತ್ರಕ್ಕೂ ಕಡಿಮೆಯಲ್ಲ.

2006ರಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಹರಾರೆಯ ಎಂಬಾರೆ ಬಡಾವಣೆಯ 14 ಅಜ್ಜಿಯರಿಗೆ, ನೊಂದವರ ಜೊತೆ ಕೂತು ಮಾತಾಡಿ ಅವರ ತೊಂದರೆಗೆ ದಾರಿ ಹುಡುಕಲು ನೆರವಾಗುವ ತರಬೇತಿ ಕೊಟ್ಟರು. ಕ್ಲಿನಿಕ್ಕಿನೊಳಗೆ ಜಾಗವಿಲ್ಲದೆ ಹೊರಗೆ ಬೆಂಚು ಹಾಕಬೇಕಾಯಿತು. ‘ಮಾನಸಿಕ ಆರೋಗ್ಯದ ಬೆಂಚು’ ಅಂದರೆ ಯಾರೂ ಕೂರುವುದಿಲ್ಲ, ‘ಸ್ನೇಹದ ಬೆಂಚು’ ಅನ್ನಿ ಎಂದವರು ಅಜ್ಜಿಯರೇ. 24 ಕ್ಲಿನಿಕ್‌ಗಳ 573 ಜನರ ಮೇಲಿನ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಬೆಂಚಿಗೆ ಬಂದವರಲ್ಲಿ ಖಿನ್ನತೆಯ ಲಕ್ಷಣ ಉಳಿದಿದ್ದು ಶೇ 14ರಷ್ಟು ಮಂದಿಗೆ. ಮಾಮೂಲಿ ಆರೈಕೆ ಪಡೆದವರಲ್ಲಿ ಶೇ 50ರಷ್ಟು ಮಂದಿಗೆ. ಪಾಲ್ಗೊಂಡವರಲ್ಲಿ ಶೇ 40ಕ್ಕೂ ಹೆಚ್ಚು ಜನ ಎಚ್‌ಐವಿ ಪಾಸಿಟಿವ್ ಇದ್ದರು.

ಎಚ್‌ಐವಿಗೂ ಮನಸ್ಸಿಗೂ ನಂಟು ಇರುವುದು ಮಾತ್ರೆಯಲ್ಲಿ. ದಿನವೂ ತಪ್ಪದೆ ನುಂಗಿದರೆ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಆಗ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ದಾಟುವುದಿಲ್ಲ. ಆದರೆ ‘ಯಾಕೆ ಬದುಕಬೇಕು’ ಎಂದುಕೊಂಡ ಹದಿನೇಳರ ಹುಡುಗಿಗೆ ಮಾತ್ರೆಯ ನೆನಪೆಲ್ಲಿ?

ಅಂಥವರ ಮನೆಗೆ ಹೋಗಿ ಮಾತಾಡುವವರು ‘ಜ್ವಾಂದಿರಿ’ ಕಾರ್ಯಕ್ರಮದ 18ರಿಂದ 24ರ ಹರೆಯದ ಗೆಳೆಯ ಗೆಳತಿಯರು. ಅವರೂ ಎಚ್‌ಐವಿ ಇರುವವರೇ. ಹೆಸರಿನ ಅರ್ಥ ‘ನಾನಿರುವ ಹಾಗೆ’. ಬಿಂದುರಾ, ಶಾಮ್ವಾ ಜಿಲ್ಲೆಗಳ 16 ಕ್ಲಿನಿಕ್‌ಗಳಲ್ಲಿ ಸುಮಾರು ಎರಡು ವರ್ಷ ನೋಡಿದಾಗ, ವೈರಸ್ ಹತೋಟಿಗೆ ಬಾರದವರು ಅಥವಾ ತೀರಿಕೊಂಡವರು ಗೆಳೆಯರ ನೆರವಿದ್ದ ಗುಂಪಿನಲ್ಲಿ ಶೇ 25, ಇಲ್ಲದ ಗುಂಪಿನಲ್ಲಿ ಶೇ 36.

ಹಾಗಾದರೆ ಬೆಂಚಿನ ವಿದ್ಯೆಯನ್ನೂ ಇವರಿಗೇ ಕಲಿಸಿದರೆ? 60 ಕ್ಲಿನಿಕ್‌ಗಳ 842 ಮಕ್ಕಳು, ಹದಿಹರೆಯದವರ ಜೊತೆ ಅದನ್ನೂ ಪರೀಕ್ಷಿಸಿದರು. 2022ರಲ್ಲಿ ಬಂದ ಫಲಿತಾಂಶ ಎಲ್ಲರ ನಿರೀಕ್ಷೆಯಂತೆ ಇರಲಿಲ್ಲ. ಬೆಂಚಿನ ವಿದ್ಯೆ ಕಲಿತ ಗೆಳೆಯರ ನೆರವು ಸಿಕ್ಕ ಗುಂಪಿನ ಮನಸ್ಸು ಹಗುರಾಗಿತ್ತು, ಅದು ಸ್ಪಷ್ಟ. ವೈರಸ್ ವಿಷಯದಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದು ಮಾತು ಮರೆಯಬಾರದು: ಬೆಂಚಿನ ವಿದ್ಯೆ ಸಿಗದ ಗುಂಪಿನ ಮಕ್ಕಳ ಮನೆಗೂ ಒಬ್ಬ ಗೆಳೆಯನೋ ಗೆಳತಿಯೋ ಹೋಗಿಬರುತ್ತಲೇ ಇದ್ದರು.