ರೆಸಿಡೆನ್ಸಿ ಸಂದರ್ಶನ: ಕಲಬುರಗಿಯಲ್ಲಿ ಕುಳಿತು ತಯಾರಾಗುವವರಿಗೆ

ನಮ್ಮಲ್ಲಿ ಎಂ.ಡಿ., ಎಂ.ಎಸ್. ಸೀಟಿಗೆ ಸಂದರ್ಶನವೇ ಇಲ್ಲ. ನೀಟ್ ಪಿಜಿ ಬರೆದು, ರ‍್ಯಾಂಕ್ ನೋಡಿ, ಕೌನ್ಸೆಲಿಂಗ್‌ನಲ್ಲಿ ಸಿಕ್ಕಿದ್ದನ್ನು ಆರಿಸಿಕೊಂಡರೆ ಆಯಿತು. ಹಾಗಾಗಿ ಅಮೆರಿಕದ ರೆಸಿಡೆನ್ಸಿಗೆ, ಅಂದರೆ ಪದವಿಯ ನಂತರ ಆಸ್ಪತ್ರೆಯಲ್ಲಿ ದುಡಿಯುತ್ತಾ ಪಡೆಯುವ ತರಬೇತಿಗೆ, ಅರ್ಜಿ ಹಾಕುವ ನಮ್ಮ ಭಾಗದ ಎಂಬಿಬಿಎಸ್ ಪದವೀಧರರು ವರ್ಷಗಟ್ಟಲೆ ಓದಿ ಪರೀಕ್ಷೆಗಳನ್ನು ದಾಟುತ್ತಾರೆ, ಸಂದರ್ಶನದ ಹೊಸ್ತಿಲಿನಲ್ಲಿ ತಡವರಿಸುತ್ತಾರೆ. ನಮಗೆ ರೂಢಿಯಿರುವುದು ವೈವಾ. ವೈವಾದಲ್ಲಿ ಕೇಳುವವರಿಗೆ ಉತ್ತರ ಗೊತ್ತಿರುತ್ತದೆ, ನಮಗೂ ಗೊತ್ತಿದೆಯೇ ಎಂದು ನೋಡುತ್ತಾರೆ. ಸಂದರ್ಶನದಲ್ಲಿ ಕೇಳುವವರಿಗೆ ಉತ್ತರ ಗೊತ್ತಿರುವುದಿಲ್ಲ. ನಮ್ಮ ವಾರ್ಡಿನಲ್ಲಿ ಆ ರಾತ್ರಿ ಏನಾಯಿತು ಎಂಬುದು ನಮಗೊಬ್ಬರಿಗೇ ಗೊತ್ತು. ಇದು ಮನಸ್ಸಿಗೆ ಹತ್ತಲು ನನಗೆ ಎರಡು ಸಂದರ್ಶನಗಳು ಬೇಕಾದವು. ಇಂಟರ್ನಲ್ ಮೆಡಿಸಿನ್‌ಗೆ ತಯಾರಾಗುವಾಗ ಬರೆದಿಟ್ಟುಕೊಂಡ ಟಿಪ್ಪಣಿಯನ್ನು ಈ ಸಾಲಿನಲ್ಲಿ ಅರ್ಜಿ ಹಾಕುತ್ತಿರುವ ನಿಮಗಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಕ್ಯಾಲೆಂಡರ್ ಮತ್ತು ಗಡಿಯಾರ

ರೆಸಿಡೆನ್ಸಿ ಅರ್ಜಿಗಳ ಆನ್‌ಲೈನ್ ವ್ಯವಸ್ಥೆಯಾದ ಇರಾಸ್ ಮೂಲಕ ಹಾಕಿದ ಅರ್ಜಿಗಳು ಸೆಪ್ಟೆಂಬರ್ ಕೊನೆಗೆ ಆಸ್ಪತ್ರೆಗಳ ಕೈಸೇರುತ್ತವೆ. ಅಕ್ಟೋಬರ್‌ನಿಂದ ಜನವರಿವರೆಗೆ ಸಂದರ್ಶನದ ಕಾಲ. ಮಾರ್ಚ್ ಮೂರನೇ ಶುಕ್ರವಾರ ಫಲಿತಾಂಶ. 2020ರಿಂದ ಬಹುಪಾಲು ಸಂದರ್ಶನಗಳು ವಿಡಿಯೊದಲ್ಲೇ ನಡೆಯುತ್ತಿರುವುದರಿಂದ ವಿಮಾನದ ಖರ್ಚು ಉಳಿದಿದೆ.

ಗಡಿಯಾರದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನ್ಯೂಯಾರ್ಕ್‌ನ ಬೆಳಗಿನ 8 ಗಂಟೆ ಅಕ್ಟೋಬರ್‌ನಲ್ಲಿ ನಮಗೆ ಸಂಜೆ 5.30. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ, ಅಂದಿನಿಂದ ಅದೇ 8 ಗಂಟೆ ನಮಗೆ 6.30 ಆಗುತ್ತದೆ. ಕ್ಯಾಲಿಫೋರ್ನಿಯಾದ್ದಾದರೆ ರಾತ್ರಿ 9.30ಕ್ಕೆ ಶುರುವಾಗಿ ನಸುಕಿನವರೆಗೂ ಎಳೆಯಬಹುದು. ಅಕ್ಟೋಬರ್‌ನಲ್ಲಿ ಒಪ್ಪಿಕೊಂಡ ದಿನಾಂಕ ಡಿಸೆಂಬರ್‌ನದ್ದಾಗಿದ್ದರೆ ಸಮಯವನ್ನು ಮತ್ತೊಮ್ಮೆ ಲೆಕ್ಕ ಹಾಕಿ, ಅಮೆರಿಕದ ಸಮಯ ಮತ್ತು ನಮ್ಮ ಸಮಯ ಎರಡನ್ನೂ ಗೋಡೆಯ ಮೇಲೆ ಬರೆದು ಅಂಟಿಸಿ. ಸಂಜೆಯ ಹೊತ್ತು ನಮ್ಮ ಓಣಿಗಳಲ್ಲಿ ಮದುವೆಯ ಮೆರವಣಿಗೆ, ಧ್ವನಿವರ್ಧಕ ಎಲ್ಲವೂ ಇರುತ್ತವೆ. ಮನೆಯ ಒಳಕೋಣೆ ಆರಿಸಿಕೊಳ್ಳಿ, ಫ್ಯಾನ್ ನಿಲ್ಲಿಸಿದಾಗ ಧ್ವನಿ ಎಷ್ಟು ಸ್ಪಷ್ಟವಾಗುತ್ತದೆ ಎಂದು ಮೊದಲೇ ರೆಕಾರ್ಡ್ ಮಾಡಿ ಕೇಳಿ. ಇನ್ವರ್ಟರ್, ಚಾರ್ಜ್ ಆದ ಎರಡನೇ ಮೊಬೈಲ್, ಅದರಲ್ಲಿ ಬೇರೆ ಕಂಪನಿಯ ಸಿಮ್: ಈ ಮೂರು ಇದ್ದರೆ ಕರೆಂಟ್ ಹೋದರೂ ಎದೆ ಬಡಿದುಕೊಳ್ಳುವುದಿಲ್ಲ.

ಅವರು ಏನನ್ನು ಕೇಳಿಸಿಕೊಳ್ಳುತ್ತಾರೆ

2022ರ ಜನವರಿಯಿಂದ ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇಯ ಸ್ಟೆಪ್ 1ರಲ್ಲಿ ಅಂಕ ಕೊಡುವುದಿಲ್ಲ, ಪಾಸು ಅಥವಾ ಫೇಲು ಅಷ್ಟೇ. ರೋಗಿಯ ಪಾತ್ರಧಾರಿಗಳ ಮುಂದೆ ಮಾತಾಡಿ ತೋರಿಸಬೇಕಾಗಿದ್ದ ಸ್ಟೆಪ್ 2 ಸಿಎಸ್ ಪರೀಕ್ಷೆಯನ್ನು 2021ರಲ್ಲಿ ಕೈಬಿಟ್ಟರು. ಉಳಿದದ್ದು ಕ್ಲಿನಿಕಲ್ ಜ್ಞಾನ ನೋಡುವ ಸ್ಟೆಪ್ 2 ಸಿಕೆ ಪರೀಕ್ಷೆಯ ಅಂಕ. ಅದು ನಿಮ್ಮನ್ನು ಬಾಗಿಲವರೆಗೆ ಕರೆದೊಯ್ಯುತ್ತದೆ. ನೀವು ರೋಗಿಯ ಮಂಚದ ಪಕ್ಕ ನಿಂತು ಹೇಗೆ ಮಾತಾಡುವವರು ಎಂಬುದನ್ನು ಆ ಆಸ್ಪತ್ರೆಯವರು ತಮ್ಮ ಕಿವಿಯಿಂದ ಕೇಳುವುದು ಸಂದರ್ಶನದಲ್ಲೇ.

ಅಮೆರಿಕದ ರೆಸಿಡೆನ್ಸಿ ತರಬೇತಿಗೆ ಮಾನ್ಯತೆ ಕೊಡುವ ಸಂಸ್ಥೆ ಎಸಿಜಿಎಂಇ. ಅದು ರೆಸಿಡೆಂಟ್‌ಗಳಲ್ಲಿ ಆರು ಸಾಮರ್ಥ್ಯಗಳನ್ನು ಬೆಳೆಸಬೇಕು ಎನ್ನುತ್ತದೆ: ರೋಗಿಯ ಆರೈಕೆ, ವೈದ್ಯಕೀಯ ಜ್ಞಾನ, ತನ್ನ ಕೆಲಸದಿಂದಲೇ ಕಲಿತು ತಿದ್ದಿಕೊಳ್ಳುವುದು, ಜನರೊಂದಿಗೆ ಮಾತುಕತೆ, ವೃತ್ತಿನಿಷ್ಠೆ, ಇಡೀ ಆರೋಗ್ಯ ವ್ಯವಸ್ಥೆಯೊಳಗೆ ಕೆಲಸ ಮಾಡುವ ಬಗೆ. ಪ್ರಶ್ನೆ ಯಾವ ವೇಷದಲ್ಲಿ ಬಂದರೂ ಹೆಚ್ಚಾಗಿ ಈ ಆರರಲ್ಲಿ ಒಂದನ್ನು ಹುಡುಕುತ್ತಿರುತ್ತದೆ. ‘ಸಹೋದ್ಯೋಗಿಯೊಂದಿಗೆ ಜಗಳವಾದ ಪ್ರಸಂಗ ಹೇಳಿ’ ಎಂದರೆ ಮಾತುಕತೆಯನ್ನು, ‘ನಿಮ್ಮಿಂದಾದ ತಪ್ಪು ಹೇಳಿ’ ಎಂದರೆ ಮೂರನೆಯದನ್ನು. ನೂರು ಪ್ರಶ್ನೆಗಳಿಗೆ ನೂರು ಉತ್ತರ ಬಾಯಿಪಾಠ ಮಾಡುವ ಬದಲು ನಿಮ್ಮದೇ ಏಳೆಂಟು ಪ್ರಸಂಗಗಳನ್ನು ಚೆನ್ನಾಗಿ ನೆನಪಿಗೆ ತಂದುಕೊಳ್ಳಿ. ಪರಿಸ್ಥಿತಿ, ಹೊಣೆ, ಮಾಡಿದ ಕೆಲಸ, ಫಲ ಎಂಬ ನಾಲ್ಕು ಮೆಟ್ಟಿಲಿನಲ್ಲಿ ಹೇಳುವ ‘ಸ್ಟಾರ್’ ಕ್ರಮ ಎಲ್ಲರಿಗೂ ಗೊತ್ತು. ನಾವು ಜಾರುವುದು ಮೂರನೇ ಮೆಟ್ಟಿಲಿನಲ್ಲಿ.

‘ನಾವು’ ಎಂಬ ಮಾತು

ಈ ಟಿಪ್ಪಣಿಯಲ್ಲಿ ಒಂದೇ ಒಂದು ವಿಷಯ ಓದುವುದಾದರೆ ಇದನ್ನು ಓದಿ. ‘ನಾನು ಮಾಡಿದೆ’ ಎನ್ನುವುದು ನಮಗೆ ಅಹಂಕಾರದಂತೆ ಕೇಳಿಸುತ್ತದೆ. ಯುನಿಟ್ ಚೀಫ್ ಇದ್ದಾರೆ, ಪಿಜಿ ಇದ್ದಾರೆ, ಸಿಸ್ಟರ್ ಇದ್ದಾರೆ, ನಾನೆಂಥ ದೊಡ್ಡವನು ಎಂದುಕೊಂಡು ‘ನಾವು ರೋಗಿಯನ್ನು ದಾಖಲಿಸಿಕೊಂಡೆವು, ಚಿಕಿತ್ಸೆ ಕೊಟ್ಟೆವು’ ಎನ್ನುತ್ತೇವೆ. ಇಂಗ್ಲಿಷಿಗೆ ಬಂದರೆ ಕೇಸ್ ಶೀಟಿನ ಧಾಟಿಯಲ್ಲಿ ‘ರೋಗಿಯನ್ನು ದಾಖಲಿಸಲಾಯಿತು, ಚಿಕಿತ್ಸೆ ನೀಡಲಾಯಿತು’ ಎನ್ನುತ್ತೇವೆ. ನಮ್ಮ ಮನೆಯಲ್ಲಿ ಇದು ವಿನಯ. ಪರದೆಯಾಚೆ ಕುಳಿತವರಿಗೆ ಮಾತ್ರ ಆ ವಾಕ್ಯದಲ್ಲಿ ನೀವು ಕಾಣಿಸುವುದೇ ಇಲ್ಲ.

ನನ್ನ ಮೊದಲ ಸಂದರ್ಶನದಲ್ಲಿ ‘ಕಷ್ಟವಾದ ಒಬ್ಬ ರೋಗಿಯ ಬಗ್ಗೆ ಹೇಳಿ’ ಎಂದಾಗ ನಾನು ಹೇಳಿದ್ದಿಷ್ಟು: ‘ನಮ್ಮಲ್ಲಿ ಕ್ಷಯ ಹೆಚ್ಚು. ರೋಗಿಗಳು ಚಿಕಿತ್ಸೆ ಅರ್ಧಕ್ಕೆ ಬಿಡುತ್ತಾರೆ. ನಾವು ತಿಳಿಹೇಳುತ್ತೇವೆ.’ ಕೇಳಿದವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ನಾನೂ ಇರಲಿಲ್ಲ.

ಆ ಮಾತಿನ ಹಿಂದೆ ಇದ್ದ ನಿಜವಾದ ಮನುಷ್ಯ ಯಾದಗಿರಿ ಜಿಲ್ಲೆಯವರು, ಗಾರೆ ಕೆಲಸದವರು. ಕ್ಷಯದ ಚಿಕಿತ್ಸೆ ಆರು ತಿಂಗಳದ್ದು: ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು. ಅವರು ಎರಡು ತಿಂಗಳು ಮುಗಿಸಿ, ಕೆಮ್ಮು ನಿಂತ ಮೇಲೆ, ಹೆಂಡತಿ ಮಕ್ಕಳೊಂದಿಗೆ ಮುಂಬೈಗೆ ಗುಳೆ ಹೋಗಿದ್ದರು. ವರ್ಷದ ನಂತರ ಮತ್ತೆ ಕೆಮ್ಮುತ್ತಾ ಬಂದರು. ಹಳೆಯ ಚೀಟಿಯಲ್ಲಿ ‘ಔಷಧ ಬಿಟ್ಟವರು’ ಎಂದು ಷರಾ ಇತ್ತು. ಅವರು ನನ್ನ ಮುಖ ನೋಡದೆ, ‘ಬೈಯಬೇಡಿ ಸಾಹೇಬರೇ, ಹೊಟ್ಟೆ ಕೇಳುವುದಿಲ್ಲ’ ಎಂದರು. ಕ್ಷಯದ ರೋಗಾಣು ಔಷಧಕ್ಕೆ ಬಗ್ಗುತ್ತದೆಯೇ ಎಂದು ನೋಡುವ ಸಿಬಿನ್ಯಾಟ್ ಪರೀಕ್ಷೆಗೆ ನಾನು ಕಫವನ್ನು ಕಳಿಸಿದೆ. ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಪ್ರತಿರೋಧ ಬೆಳೆದಿರಲಿಲ್ಲ. ಆಮೇಲೆ ಅವರ ಪಕ್ಕ ಕುಳಿತು, ‘ಈ ಸಲ ಯಾವಾಗ ಹೋಗುತ್ತೀರಿ?’ ಎಂದು ಕೇಳಿದೆ. ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ, ‘ಹೋಗಬೇಡಿ’ ಎಂದಷ್ಟೇ ಹೇಳಿದ್ದರು. ‘ತೊಗರಿ ರಾಶಿ ಮುಗಿದ ಮೇಲೆ’ ಎಂದರು. ಆ ತಿಂಗಳನ್ನು ಕೇಸ್ ಶೀಟಿನಲ್ಲಿ ಬರೆದೆ. ಕ್ಷಯ ವಿಭಾಗದ ಆರೋಗ್ಯ ಕಾರ್ಯಕರ್ತೆಯ ಜೊತೆ ಕುಳಿತು, ಕ್ಷಯ ರೋಗಿಗಳನ್ನು ದಾಖಲಿಸುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ಅವರ ಹೆಸರನ್ನು ಮುಂಬೈಯ ಕೇಂದ್ರಕ್ಕೆ ವರ್ಗಾಯಿಸುವುದು ಹೇಗೆ ಎಂದು ಕಲಿತೆ. ಅವರ ಹೆಂಡತಿಯ ಮೊಬೈಲ್ ಸಂಖ್ಯೆಗೆ ತಿಂಗಳಿಗೊಮ್ಮೆ ಕರೆ ಮಾಡಿದೆ. ಕೋರ್ಸ್ ಮುಗಿಯಿತು.

ಇದನ್ನೇ ಎರಡನೇ ಸಂದರ್ಶನದ ನಂತರ ಬರೆದುಕೊಂಡು, ಮೂರನೆಯದರಲ್ಲಿ ಹೇಳಿದೆ. ಗುಳೆ ಎಂದರೇನು ಎಂದು ಸಂದರ್ಶಕರು ಕೇಳಿದರು. ಮಳೆ ನಂಬಿ ಬದುಕುವ ಒಣಬೇಸಾಯದ ಸೀಮೆಯಿಂದ ಜನ ಮನೆಗೆ ಬೀಗ ಹಾಕಿ ದುಡಿಮೆ ಹುಡುಕಿ ಹೋಗುವುದು, ಮಳೆಗಾಲಕ್ಕೆ ಮರಳುವುದು ಎಂದು ವಿವರಿಸಿದೆ. ಅವರ ಆಸ್ಪತ್ರೆಗೆ ಹೊಲಗಳಲ್ಲಿ ಹಣ್ಣು ಕೀಳುವ ವಲಸೆ ಕೂಲಿಕಾರರು ಬರುತ್ತಿದ್ದರಂತೆ. ಉಳಿದ ಹತ್ತು ನಿಮಿಷ ನಾವಿಬ್ಬರೂ ಅದನ್ನೇ ಮಾತಾಡಿದೆವು. ಆರನೆಯ ಸಾಮರ್ಥ್ಯ, ‘ವ್ಯವಸ್ಥೆಯೊಳಗೆ ಕೆಲಸ’, ಎಂಬ ಪದವನ್ನು ನಾನು ಬಳಸಲೇ ಇಲ್ಲ.

ಅಭ್ಯಾಸಕ್ಕೆ ನಾನು ಕಂಡುಕೊಂಡ ದಾರಿ: ಪ್ರಸಂಗವನ್ನು ಮೊದಲು ಕನ್ನಡದಲ್ಲಿ, ವೈದ್ಯರಲ್ಲದವರಿಗೆ ಹೇಳಿ. ನಾನು ಅವ್ವನಿಗೆ ಹೇಳುತ್ತಿದ್ದೆ. ಎಲ್ಲಿ ಅವಳು ‘ಆಮೇಲೆ ನೀನು ಏನು ಮಾಡಿದೆ?’ ಎಂದು ಕೇಳುತ್ತಿದ್ದಳೋ ಅಲ್ಲಿ ನನ್ನ ‘ನಾನು’ ತಪ್ಪಿಹೋಗಿರುತ್ತಿತ್ತು. ಕನ್ನಡದಲ್ಲಿ ಎರಡು ನಿಮಿಷದಲ್ಲಿ ಸರಿಯಾಗಿ ನಿಂತ ಮೇಲೆ ಇಂಗ್ಲಿಷಿನಲ್ಲಿ ಹೇಳಿ, ಬರೆದು ಓದಬೇಡಿ. ಓದುವ ಕಣ್ಣು ಕ್ಯಾಮೆರಾದಲ್ಲಿ ಕೂಡಲೇ ಗೊತ್ತಾಗುತ್ತದೆ.

ತಪ್ಪಿನ ಪ್ರಶ್ನೆ

‘ನಾನು ಅತಿಯಾಗಿ ದುಡಿಯುತ್ತೇನೆ, ಅದೇ ನನ್ನ ದೋಷ’ ಎಂಬ ಉತ್ತರವನ್ನು ದಯವಿಟ್ಟು ಬಿಟ್ಟುಬಿಡಿ. ನಿಜವಾದ ತಪ್ಪು ಹೇಳಿ. ಹೌಸ್ ಸರ್ಜನ್ ಆಗಿದ್ದಾಗ ಒಂದು ಸಂಜೆ, ಮೂತ್ರಪಿಂಡದ ತೊಂದರೆಯಿದ್ದ ಒಬ್ಬ ಆಯಿಯ ರಕ್ತದಲ್ಲಿ ಪೊಟ್ಯಾಸಿಯಂ 6.1 ಬಂದಿತ್ತು, ಹೃದಯಕ್ಕೆ ಅಪಾಯ ತರುವಷ್ಟು. ಡ್ಯೂಟಿ ಬಿಡುವಾಗ ರಾತ್ರಿಯವರಿಗೆ ಬಾಯಿಮಾತಿನಲ್ಲಿ ಹೇಳಿದೆ, ಬರೆಯಲಿಲ್ಲ, ಅವರು ಕೇಳಿಸಿಕೊಂಡರೇ ಎಂದು ನೋಡಲಿಲ್ಲ. ಬೆಳಗಿನ ಜಾವ ಇಸಿಜಿ ಬದಲಾದ ಮೇಲೆ ಕ್ಯಾಲ್ಸಿಯಂ ಗ್ಲುಕೋನೇಟ್ ಕೊಟ್ಟರು. ಆಯಿ ಉಳಿದರು. ಇಂದಿಗೂ ಆ ಬೆಳಗು ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಂದಿನಿಂದ ನಾನು ಚೀಟಿಯಲ್ಲಿ ಬರೆದು, ಎದುರಿನವರಿಂದ ಮರಳಿ ಹೇಳಿಸದೆ ವಾರ್ಡ್ ಬಿಟ್ಟಿಲ್ಲ.

ಅಮೆರಿಕದ ಅನೇಕ ಆಸ್ಪತ್ರೆಗಳಲ್ಲಿ ಹೀಗೆ ಪಾಳಿ ಬದಲಾಗುವಾಗ ರೋಗಿಗಳನ್ನು ಒಪ್ಪಿಸಲು ಐ-ಪಾಸ್ ಎಂಬ ಕ್ರಮವಿದೆ: ಕಾಯಿಲೆ ಎಷ್ಟು ಗಂಭೀರ, ರೋಗಿಯ ಸಾರಾಂಶ, ಮಾಡಬೇಕಾದ ಕೆಲಸಗಳ ಪಟ್ಟಿ, ಏನಾದರೆ ಏನು ಮಾಡಬೇಕು, ಕೊನೆಗೆ ಕೇಳಿದವರು ತಮ್ಮ ಮಾತಿನಲ್ಲಿ ಮರಳಿ ಹೇಳುವುದು. ಒಂಬತ್ತು ಆಸ್ಪತ್ರೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಕ್ರಮ ಬಂದ ಮೇಲೆ ವೈದ್ಯಕೀಯ ತಪ್ಪುಗಳು ಶೇ 23ರಷ್ಟು ಇಳಿದವು. ಇದನ್ನು ಓದಿದಾಗ ನನ್ನ ಆ ರಾತ್ರಿಯಲ್ಲಿ ಯಾವ ಮೆಟ್ಟಿಲು ತಪ್ಪಿತ್ತೆಂದು ಸ್ಪಷ್ಟವಾಯಿತು, ಐದನೆಯದು. ತಪ್ಪಿನ ಪ್ರಸಂಗ ಹೇಳುವಾಗ ಬೇರೆಯವರ ಮೇಲೆ ಒಂದು ಅಕ್ಷರವೂ ಹೊರಿಸಬೇಡಿ.

ಮಾತಿನಲ್ಲಿ ಎಡವುವ ಜಾಗಗಳು

ನಮ್ಮ ‘ಕ್ಯಾಷುಯಲ್ಟಿ’ ಅವರಿಗೆ ‘ಎಮರ್ಜೆನ್ಸಿ’. ‘ಪ್ಯಾರಾಸಿಟಮಾಲ್’ ಅಲ್ಲಿ ‘ಅಸಿಟಮಿನೊಫೆನ್’, ‘ಸಾಲ್ಬುಟಮಾಲ್’ ‘ಆಲ್ಬ್ಯುಟರಾಲ್’, ‘ಅಡ್ರಿನಲಿನ್’ ‘ಎಪಿನೆಫ್ರಿನ್’. ಇಂಥ ಕಾಲೇಜಿನಿಂದ ‘ಪಾಸ್ ಔಟ್’ ಆದೆ ಎಂದರೆ ಅವರಿಗೆ ಮೂರ್ಛೆ ಹೋದಂತೆ ಕೇಳಿಸುತ್ತದೆ. ‘ಮೈಸೆಲ್ಫ್’ ಎಂದು ಪರಿಚಯ ಆರಂಭಿಸುವುದನ್ನೂ ಬಿಡಿ.

ಭಾಷೆಗಳ ಬಗ್ಗೆ ಒಂದು ಸೂಕ್ಷ್ಮವಿದೆ. ಕನ್ನಡ, ಉರ್ದು, ತೆಲುಗು, ಮರಾಠಿ ನಾಲ್ಕೂ ಒಂದೇ ಓಪಿಡಿಯಲ್ಲಿ ಕೇಳಿಸುವ ಊರು ನಮ್ಮದು. ಬೀದರ್‌ನವರಿಗಂತೂ ಇದು ಉಸಿರಾಟದಷ್ಟು ಸಹಜ. ಇದನ್ನು ಖಂಡಿತ ಹೇಳಿ. ಆದರೆ ‘ಭಾಷೆ ಬಾರದಾಗ ರೋಗಿಯ ಮಗನನ್ನೇ ಅನುವಾದಿಸಲು ಕೇಳುತ್ತಿದ್ದೆ’ ಎಂಬುದನ್ನು ಹೆಚ್ಚುಗಾರಿಕೆಯಾಗಿ ಹೇಳಬೇಡಿ. ಅಲ್ಲಿ ತರಬೇತಾದ ದುಭಾಷಿಯನ್ನು ಕರೆಯಬೇಕು. ತಾಯಿಯ ಗರ್ಭಕೋಶದ ವಿಷಯವನ್ನು ಮಗನ ಬಾಯಿಂದ ಹೇಳಿಸುವುದರಲ್ಲಿ ಏನೆಲ್ಲ ಮುಚ್ಚಿಹೋಗುತ್ತದೆ ಎಂದು ಯೋಚಿಸಿದರೆ ಅದರ ಕಾರಣ ನಮಗೂ ಅರ್ಥವಾಗುತ್ತದೆ.

‘ಅಮೆರಿಕವೇ ಯಾಕೆ?’ ಎಂದು ಕೇಳಿದಾಗ ನಮ್ಮೂರನ್ನು ಹೀಗಳೆಯುವವರನ್ನು ಕಂಡರೆ ನನಗೆ ನೋವಾಗುತ್ತದೆ. ‘ಅಲ್ಲಿ ಏನೂ ಇಲ್ಲ’ ಎನ್ನುವುದು ಸುಳ್ಳು ಕೂಡ. ಬೀದರ್, ಯಾದಗಿರಿಗಳಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯಿದೆ. ನೀವು ಕಲಿಯಬೇಕೆಂದಿರುವುದು ಏನು, ಅದು ಆ ತರಬೇತಿಯಲ್ಲಿ ಎಲ್ಲಿದೆ ಎಂದು ನೇರವಾಗಿ ಹೇಳಿದರೆ ಸಾಕು.

ಮದುವೆಯಾಗಿದೆಯೇ, ಮಕ್ಕಳ ಯೋಚನೆ ಇದೆಯೇ, ಧರ್ಮ ಯಾವುದು ಎಂಬ ಪ್ರಶ್ನೆಗಳನ್ನು ಅಲ್ಲಿ ಕೇಳುವಂತಿಲ್ಲ. ಬೇರೆ ಯಾವ ಆಸ್ಪತ್ರೆಗಳಿಗೆ ಅರ್ಜಿ ಹಾಕಿದ್ದೀರಿ ಎಂದೂ, ನಮ್ಮನ್ನು ಎಷ್ಟನೆಯದಾಗಿ ಬರೆಯುತ್ತೀರಿ ಎಂದೂ ಕೇಳುವಂತಿಲ್ಲ. ವೀಸಾ ಬಗ್ಗೆ ಕೇಳಬಹುದು. ಜೆ-1 ಅಥವಾ ಎಚ್-1ಬಿ, ಎರಡನೆಯದಕ್ಕೆ ಯುಎಸ್‌ಎಂಎಲ್‌ಇಯ ಕೊನೆಯ ಪರೀಕ್ಷೆಯಾದ ಸ್ಟೆಪ್ 3 ಮೊದಲೇ ಪಾಸಾಗಿರಬೇಕು. ಅಷ್ಟು ತಿಳಿದಿರಲಿ.

ಪಟ್ಟಿ ಬರೆಯುವುದು

ಸಂದರ್ಶನಗಳು ಮುಗಿದ ಮೇಲೆ ನೀವೂ ಆಸ್ಪತ್ರೆಗಳನ್ನು ಕ್ರಮವಾಗಿ ಬರೆಯುತ್ತೀರಿ, ಅವರೂ ಅಭ್ಯರ್ಥಿಗಳನ್ನು ಬರೆಯುತ್ತಾರೆ. ಜೋಡಣೆಯನ್ನು ನಡೆಸುವ ಸಂಸ್ಥೆಯಾದ ಎನ್‌ಆರ್‌ಎಂಪಿ ಎರಡನ್ನೂ ಕೂಡಿಸುತ್ತದೆ. ಇಲ್ಲಿ ನಮ್ಮ ಕೌನ್ಸೆಲಿಂಗ್ ಬುದ್ಧಿ ದಾರಿ ತಪ್ಪಿಸುತ್ತದೆ. ‘ದೊಡ್ಡ ಆಸ್ಪತ್ರೆಯನ್ನು ಮೊದಲು ಬರೆದರೆ ಸಿಗುವುದೂ ಕೈತಪ್ಪೀತು’ ಎಂಬ ಭಯ ಬರುತ್ತದೆ. ಹಾಗಾಗುವುದಿಲ್ಲ. ಗಣಕಯಂತ್ರ ನಿಮ್ಮನ್ನು ನಿಮ್ಮ ಮೊದಲ ಆಯ್ಕೆಯ ಬಾಗಿಲಿಗೆ ಕರೆದೊಯ್ಯುತ್ತದೆ. ಅವರ ಪಟ್ಟಿಯಲ್ಲಿ ನೀವಿದ್ದು ಅಲ್ಲಿ ಜಾಗವಿದ್ದರೆ, ಅಥವಾ ಈಗಾಗಲೇ ಕೂತಿರುವ ಒಬ್ಬರಿಗಿಂತ ನಿಮ್ಮನ್ನು ಅವರು ಮೇಲೆ ಬರೆದಿದ್ದರೆ, ನಿಮಗೆ ತಾತ್ಕಾಲಿಕವಾಗಿ ಜಾಗ. ಇಲ್ಲದಿದ್ದರೆ ಎರಡನೆಯ ಬಾಗಿಲು. ಆಮೇಲೆ ಯಾರಾದರೂ ನಿಮ್ಮನ್ನು ಎಬ್ಬಿಸಿದರೂ ನಿಮ್ಮ ಪಟ್ಟಿಯಲ್ಲಿ ಅಲ್ಲಿಂದ ಮುಂದೆ ಸಾಗುತ್ತೀರಿ, ಮೊದಲ ಬಾಗಿಲು ತಟ್ಟಿದ್ದಕ್ಕೆ ಮುಂದಿನ ಬಾಗಿಲಲ್ಲಿ ದಂಡವಿಲ್ಲ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲಿ ಈ ಜೋಡಣೆಯ ಗಣಿತವನ್ನು ಬರೆದರು. ಆಲ್ವಿನ್ ರಾತ್ ಅಭ್ಯರ್ಥಿಗಳ ಕಡೆಯಿಂದ ಆರಂಭವಾಗುವಂತೆ ಮರುವಿನ್ಯಾಸ ಮಾಡಿದ್ದು 1998ರಿಂದ ಜಾರಿಯಲ್ಲಿದೆ. ಶಾಪ್ಲಿ ಮತ್ತು ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆದ್ದರಿಂದ ನಿಮಗೆ ನಿಜಕ್ಕೂ ಯಾವುದು ಬೇಕೋ ಅದನ್ನೇ ಮೊದಲು ಬರೆಯಿರಿ. ಸಂದರ್ಶನದಲ್ಲಿ ಎಲ್ಲರಿಗೂ ‘ನೀವೇ ನನ್ನ ಮೊದಲ ಆಯ್ಕೆ’ ಎಂದು ಮಾತು ಕೊಡುವ ಅಗತ್ಯವೂ ಇದರಿಂದ ತಪ್ಪುತ್ತದೆ.

ಪ್ರತಿ ಸಂದರ್ಶನ ಮುಗಿದ ರಾತ್ರಿಯೇ ಆ ಆಸ್ಪತ್ರೆಯ ಬಗ್ಗೆ ನಾಲ್ಕು ಸಾಲು ಬರೆದಿಡಿ: ಅಲ್ಲಿನ ರೆಸಿಡೆಂಟ್‌ಗಳು ದಣಿದಂತೆ ಕಂಡರೇ, ನಿಮ್ಮ ಪ್ರಶ್ನೆಗೆ ನೇರ ಉತ್ತರ ಸಿಕ್ಕಿತೇ, ಯಾವ ರೋಗಿಗಳ ಬಗ್ಗೆ ಅವರು ಅಕ್ಕರೆಯಿಂದ ಮಾತಾಡಿದರು. ಫೆಬ್ರವರಿಗೆ ಎಲ್ಲ ಮುಖಗಳೂ ಕಲಸಿಹೋಗಿರುತ್ತವೆ, ಆಗ ಕೈಹಿಡಿಯುವುದು ಆ ಸಾಲುಗಳೇ. ಪಟ್ಟಿ ಬರೆದು ಉಳಿಸಿದರೆ ಸಾಲದು, ‘ಸರ್ಟಿಫೈ’ ಒತ್ತಬೇಕು. ಒತ್ತದ ಪಟ್ಟಿ ಲೆಕ್ಕಕ್ಕೆ ಬರುವುದಿಲ್ಲ. ಕೊನೆಯ ದಿನಾಂಕಕ್ಕೆ ಒಂದು ವಾರ ಮೊದಲೇ ಒತ್ತಿ, ಅದು ದಾಖಲಾಗಿದೆಯೇ ಎಂದು ಇನ್ನೊಬ್ಬರ ಕಣ್ಣಿನಿಂದಲೂ ನೋಡಿಸಿ. ನನ್ನದನ್ನು ಅಪ್ಪನಿಗೆ ತೋರಿಸಿ ಗಟ್ಟಿಯಾಗಿ ಓದಿಸಿದ್ದೆ.